ಗಡ್ಡೆಯೊಳಗೆ ಸುಮ್ಮನೆ ಕೂತವರು

ನಾನು ಕ್ಯಾನ್ಸರ್ ಜೊತೆ ಹೋರಾಡಿ ಗೆದ್ದೆ ಎಂದು ಹಿಂದೂಪುರದಲ್ಲಿ ಒಂದಷ್ಟು ಜನ ಹೇಳಿಕೊಂಡು ತಿರುಗುತ್ತಾರೆ. ನಾನು ಪಾಠ ಮಾಡುವ ಜೂನಿಯರ್ ಕಾಲೇಜಿನ ಪ್ರಿನ್ಸಿಪಾಲರು ಅದನ್ನು ಒಮ್ಮೆ ಮೈಕಿನಲ್ಲೂ ಹೇಳಿದರು. ವೇದಿಕೆಯ ಮೇಲೆ ಕೂತಿದ್ದ ನನಗೆ ಎದ್ದು ಆಕ್ಷೇಪ ಎತ್ತಬೇಕು ಅನ್ನಿಸಿತ್ತು. ಯಾರು ಹೋರಾಡಿದ್ದು? ನಾನಂತೂ ಅರಿವಳಿಕೆ ಕೊಟ್ಟ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ಕತ್ತರಿಸಿದವರು ಸರ್ಜನ್ನರು. ಇನ್ನು ಮೈಯೊಳಗೆ ಇಂಥದರ ಮೇಲೆ ಬೀಳುವುದಕ್ಕೆಂದೇ ಇರುವ ರಕ್ಷಣೆಯ ಕಣಗಳಿವೆಯಲ್ಲ, ಅವೂ ಹೋರಾಡಲಿಲ್ಲ. ಇದು ವಿನಯದ ಮಾತಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿ ಬಂದ ಮೇಲೆ ಹೇಳುತ್ತಿರುವುದು.

ಇನ್ನೊಂದು ಗುಂಪಿನ ಕಥೆ ಬೇರೆ. ಪಾಪ, ಹುಡುಗಿಯ ಮೈಯಲ್ಲಿ ಶಕ್ತಿ ಇರಲಿಲ್ಲ, ಅದಕ್ಕೇ ರೋಗ ಹಿಡಿಯಿತು ಅನ್ನುತ್ತಾರೆ ಅವರು. ಮೊದಲ ಕಥೆ ಕೇಳಿದರೆ ನನಗೆ ನಗು ಬರುತ್ತದೆ. ಎರಡನೆಯದನ್ನು ಕೇಳಿದರೆ ಸಿಟ್ಟು. ಯಾಕೆಂದರೆ ಅದನ್ನು ಕೇಳಿದಾಗಲೆಲ್ಲ ನಮ್ಮಮ್ಮ ತಾನು ಬಡಿಸಿದ ಊಟದ ಮೇಲೆ ಬಂದ ದೂರು ಎಂದು ತಿಳಿದು ಅಡುಗೆಮನೆಗೆ ಎದ್ದು ಹೋಗುತ್ತಾಳೆ.

ಎರಡೂ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸ್ಕ್ಯಾನಿನ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಡಿಗ್ರಿಯ ಕೊನೇ ವರ್ಷದಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ಮಾಡಿದರು. ನಾನು ಆಗ ಡಿಬೇಟಿನ ಹುಡುಗಿ ಎಂದೇ ಹೆಸರಾದವಳು. ಕನ್ನಡ, ತೆಲುಗು ಎರಡರಲ್ಲೂ ಮಾತಾಡುತ್ತಿದ್ದೆ. ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ನನಗೆ ಒಂದೇ. ಪರದಲ್ಲೂ ಗೆಲ್ಲುತ್ತಿದ್ದೆ, ವಿರೋಧದಲ್ಲೂ ಗೆಲ್ಲುತ್ತಿದ್ದೆ. ಆ ದಿನ ರಕ್ತ ಕೊಡಿ ಎಂದು ಭಾಷಣ ಮಾಡಿ, ಮಾತಿಗೆ ಬದ್ಧಳಾಗಿ ಮೊದಲ ಮಂಚದ ಮೇಲೆ ನಾನೇ ಮಲಗಿದೆ. ಗೆಳತಿಯರಿಗೆಲ್ಲ ಕೆಲವು ವಾರದಲ್ಲಿ ದಾನಿಯ ಕಾರ್ಡು ಬಂತು. ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲದಕ್ಕೂ ಪ್ರಶ್ನೆ ಹಾಕುತ್ತಿದ್ದವಳು ಆ ಒಂದನ್ನು ಬಿಟ್ಟೆ.

ಕಾರ್ಡಿನ ಬದಲು ಮನೆಗೆ ಒಂದು ಕಾಗದ ಬಂದಿತ್ತು. ಅದು ನನಗೆ ತಿಳಿದದ್ದು ಮೂರು ವರ್ಷದ ಮೇಲೆ.

ಶಿಬಿರವಾಗಿ ಒಂದೆರಡು ತಿಂಗಳಿಗೆ ಅಮ್ಮ ನನ್ನನ್ನು ತವರಿಗೆ ಕರೆದುಕೊಂಡು ಹೊರಟಳು. ಅವಳ ತವರು ಕಲ್ಯಾಣದುರ್ಗ. ಅಲ್ಲಿ ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ಮಡಕಶಿರಾ ಮೇಲೆ ಹೋಗಿ ಪಾವಗಡದಲ್ಲಿ ಬಸ್ಸು ಬದಲಿಸಿ ತಲುಪಿದೆವು. ಮರುದಿನ ಭಾನುವಾರ, ಹೊತ್ತು ಮೂಡುವ ಮೊದಲೇ ಮಾವ ನಮ್ಮನ್ನು ಸೆಟ್ಟೂರು ಕಡೆಯ ಒಂದು ಹಳ್ಳಿಗೆ ಕರೆದೊಯ್ದ. ಕುರಿಹಟ್ಟಿಯ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಯಾವುದೋ ಸೊಪ್ಪನ್ನು ಅರೆದು, ಹಿಂಡಿ, ರಸವನ್ನು ಮಜ್ಜಿಗೆಯಲ್ಲಿ ಕದಡಿ ಲೋಟದಲ್ಲಿ ಕೊಟ್ಟಳು. ಪಸರು ಅನ್ನುತ್ತಾರೆ ಅದಕ್ಕೆ ನಮ್ಮ ಕಡೆ.

ಪಸರಿಗೆ ಕಟ್ಟಳೆಗಳಿವೆ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಮೂರು ದಿನ ಉಪ್ಪು ತಿನ್ನಬಾರದು. ಹೊತ್ತು ಮುಳುಗುವ ತನಕ ಮಾತಾಡಬಾರದು. ಕೊಟ್ಟವರ ಮನೆ ಬಿಡುವಾಗ ಹೋಗಿ ಬರುತ್ತೇನೆ ಅನ್ನಬಾರದು, ಅಂದರೆ ರೋಗವೂ ಮರಳಿ ಬರುತ್ತದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾವ ಸೊಪ್ಪು, ಯಾವುದಕ್ಕೆ ಕೊಡುತ್ತಿದ್ದಾರೆ ಎಂದು ಕುಡಿಯುವವರು ಕೇಳಬಾರದು.

ನಾನು ಬಾಯಿ ತೆರೆದಿದ್ದೆ. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

"ಇದೊಂದ್ ದಿನ ವಾದ ಮಾಡ್ಬೇಡ ಪಾಪಾ. ಕೇಳಿದ್ರೆ ಮದ್ದು ಹಿಡಿಯಕಿಲ್ಲ."

ಕುಡಿದೆ. ಕಹಿ, ಜೊತೆಗೆ ಹಸಿ ಹುಲ್ಲಿನ ವಾಸನೆ. ನಾನು ಒಣಗಿಕೊಂಡಿದ್ದೇನೆ, ಮೈ ತುಂಬಿಕೊಳ್ಳಲಿ ಎಂದು, ಅಂದರೆ ಗಂಡು ಹುಡುಕುವ ಮೊದಲಿನ ಸಿದ್ಧತೆ ಇರಬೇಕೆಂದು ನಾನೇ ತೀರ್ಮಾನಿಸಿಕೊಂಡೆ. ದಿನವಿಡೀ ಬಾಯಿ ಮುಚ್ಚಿಕೊಂಡಿದ್ದೆ. ಅತ್ತೆ, ಅಂದರೆ ಮಾವನ ಹೆಂಡತಿ, ಈ ಪಸರು ದಿನಾ ಕುಡಿಸಬಹುದಾ ನೋಡಿ ಎಂದು ನಕ್ಕಳು. ಸನ್ನೆಯಲ್ಲಿ ಅವಳಿಗೆ ಜವಾಬು ಕೊಡಲು ಹೋಗಿ ಸೋತೆ.

ಮೂರು ವರ್ಷ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದೇ ಮನೆಯವರ ಪಾಲಿಗೆ ಪಸರು ಹಿಡಿಯಿತು ಅನ್ನುವುದಕ್ಕೆ ಸಾಕ್ಷಿಯಾಯಿತು. ಇಂಥ ತರ್ಕವನ್ನು ನಾನು ವೇದಿಕೆಯ ಮೇಲೆ ಎರಡು ವಾಕ್ಯದಲ್ಲಿ ಕೆಡವಬಲ್ಲೆ. ಆದರೆ ಕೆಡವಬೇಕಾದದ್ದು ನಮ್ಮ ಮನೆಯಲ್ಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಭಾರ ಶುರುವಾಯಿತು. ನೋವಲ್ಲ. ಊಟ ಮಾಡದಿದ್ದರೂ ಊಟ ಮಾಡಿದಷ್ಟು ಭಾರ. ರವಿಕೆಗಳು ಸಡಿಲವಾದವು. ಅಪ್ಪ ಮಗ್ಗದ ಶೆಡ್ಡಿನ ಕೆಲಸ ಬಿಟ್ಟು ಬಂದು ನನ್ನನ್ನು ನೇರವಾಗಿ ಹಿಂದೂಪುರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದರು. ಅಮ್ಮನೂ ಬಂದಳು. ಸ್ಕ್ಯಾನ್ ಮಾಡಿದ ಡಾಕ್ಟರು ತೆಲುಗಿನಲ್ಲಿ, ಮೆತ್ತಗೆ, ಲಿವರ್‌ನಲ್ಲಿ 'ಗಡ್ಡ' ಇದೆ ಎಂದರು.

ಇಲ್ಲಿ ಒಂದು ಪದದ ವಿಚಾರ ಹೇಳಬೇಕು. ಕನ್ನಡದಲ್ಲಿ ಗಡ್ಡ ಅಂದರೆ ಗಂಡಸರ ಮುಖದ ಮೇಲೆ ಬೆಳೆಯುವುದು. ತೆಲುಗಿನಲ್ಲಿ ಅದೇ ಪದಕ್ಕೆ ಕೀವು ತುಂಬುವ ಕುರು ಎಂಬ ಅರ್ಥವೂ ಇದೆ, ಡಾಕ್ಟರುಗಳು ಬಳಸುವ ಗಡ್ಡೆ ಎಂಬ ಅರ್ಥವೂ ಇದೆ. ಎರಡು ಭಾಷೆಯಲ್ಲಿ ಬದುಕುವ ನಾವು ಯಾವ ಪದ ಬಂದರೂ ನಮಗೆ ಬೇಕಾದ ಅರ್ಥವನ್ನು ಆರಿಸಿಕೊಳ್ಳುತ್ತೇವೆ. ಅಮ್ಮ ಕುರುವನ್ನು ಆರಿಸಿಕೊಂಡಳು. ಕುರು ಆದರೆ ಹಣ್ಣಾಗುತ್ತದೆ, ಒಡೆಯುತ್ತದೆ, ಹೋಗುತ್ತದೆ. ಮನೆಗೆ ಬಂದವಳೇ ಹರಳೆಲೆಯನ್ನು ಬಿಸಿಮಾಡಿ, ಅರಿಶಿನ ಹಚ್ಚಿ, ನನ್ನ ಹೊಟ್ಟೆಗೆ ಕಟ್ಟಿದಳು.

ನನ್ನ ಕೈಯಲ್ಲಿ ರಿಪೋರ್ಟ್ ಇತ್ತು. ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದೆ. ಅದು ಕುರು ಅಲ್ಲ ಎಂದು ನನಗೆ ಗೊತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸುವ ದಿನ ಗೊತ್ತಾಗುವ ತನಕ ಎಂಟು ದಿನ ಅಮ್ಮ ಎಲೆ ಕಟ್ಟಿದಳು, ಎಂಟು ದಿನ ನಾನು ಕಟ್ಟಿಸಿಕೊಂಡೆ. ಬೆಚ್ಚಗಿರುತ್ತಿತ್ತು ಅನ್ನುವುದೂ ನಿಜ.

ಬೆಂಗಳೂರಿನ ಬಸ್ಸು ಚಿಲಮತ್ತೂರು ದಾಟಿದ ಮೇಲೆ ಅಮ್ಮ ನಿದ್ದೆ ಹೋದಳು. ನಾನು ಮನಸ್ಸಿನಲ್ಲೇ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿಕೊಂಡೆ. ಹನ್ನೊಂದು ಪ್ರಶ್ನೆಗಳಿದ್ದವು. ಆಸ್ಪತ್ರೆಯ ವರಾಂಡ ನೋಡಿದ ಮೇಲೆ ಒಂಬತ್ತು ಮರೆತುಹೋದವು.

ವರಾಂಡದ ಬೆಂಚಿನ ಮೇಲೆ ಮೂರು ದಿನ ಕೂತೆವು. ರಕ್ತಕ್ಕೆ ಒಂದು ದಿನ, ದೊಡ್ಡ ಸ್ಕ್ಯಾನಿಗೆ ಒಂದು ದಿನ, ರಿಪೋರ್ಟಿಗೆ ಒಂದು ದಿನ. ಹೆಸರು ಕೂಗುವವನು ಎಲ್ಲರ ಊರಿನ ಹೆಸರನ್ನೂ ಕೆಡಿಸಿ ಕೂಗುತ್ತಿದ್ದ. ನಾವು 'ಹಿಂದಾಪುರ'ದವರಾದೆವು. ಪಕ್ಕದಲ್ಲಿ ಗಂಡನನ್ನು ಡಾಕ್ಟರಿಗೆ ತೋರಿಸಲು ಮಂಡ್ಯದ ಕಡೆಯಿಂದ ಬಂದ ಒಬ್ಬ ಹೆಂಗಸಿದ್ದಳು. ಅಮ್ಮ ನನ್ನನ್ನು ಮಾತುಮಾತಿಗೂ ಪಾಪಾ ಅನ್ನುವುದನ್ನು ಎರಡು ದಿನ ಕೇಳಿಸಿಕೊಂಡು ಮೂರನೇ ದಿನ ಅವಳಿಗೆ ತಡೆಯಲಾಗಲಿಲ್ಲ.

"ಅಷ್ಟೊಂದ್ ಪಾಪ ಪಾಪ ಅನ್ಬೇಡಿ ಕಣಕ್ಕ. ಹುಡ್ಗಿ ಎದೆ ಒಡ್ಕಂಡಾಳು."

ಅಮ್ಮನಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ತೆಲುಗಿನ ರೂಢಿಯಂತೆ ಪಾಪ ಎಂದೇ ಕರೆಯುವುದು. ನಾನು ವಿವರಿಸಿದೆ. ಮಗಳನ್ನು ಪಾಪ ಅನ್ನದೆ ಇನ್ನೇನನ್ನಲಿ ಎಂದು ಅಮ್ಮ ಕೇಳಿದಳು. ಆ ಹೆಂಗಸು ನಕ್ಕು, ತನ್ನ ಚೀಲದಿಂದ ಮೂಸಂಬಿ ತೆಗೆದು ಸುಲಿದು, ಅರ್ಧ ನನಗೆ ಕೊಟ್ಟಳು. ಆ ವರಾಂಡದಲ್ಲಿ ನಾನು ರುಚಿ ನೋಡಿ ತಿಂದದ್ದು ಅದೊಂದೇ. ಅವಳ ಗಂಡನಿಗೆ ಆಪರೇಷನ್ ಆಗುವುದಿಲ್ಲ ಎಂದರು. ಅವರು ಅದೇ ಸಂಜೆ ಊರಿಗೆ ಹೊರಟರು. ವಿಳಾಸ ಕೇಳಿಕೊಳ್ಳಲು ನನಗೆ ಹೊಳೆಯಲಿಲ್ಲ.

ನಮ್ಮನ್ನು ಒಳಗೆ ಕರೆದಾಗ ಡಾಕ್ಟರು ರಿಪೋರ್ಟನ್ನು ನೋಡುತ್ತಲೇ ಮಾತಾಡಿದರು. ಗಡ್ಡೆ ಒಂದೇ ಇದೆ, ಅಂಚಿನಲ್ಲಿದೆ, ಉಳಿದ ಲಿವರ್ ಚೆನ್ನಾಗಿದೆ, ಕತ್ತರಿಸಿ ತೆಗೆಯಬಹುದು. ಕ್ಯಾನ್ಸರ್ ಎಂಬ ಪದವನ್ನು ಅವರು ಮಾಮೂಲಿ ಪದದ ಹಾಗೆ ಬಳಸಿದರು. ನನಗೆ ಅದು ಉಪಕಾರವೇ ಆಯಿತು. ಆಮೇಲೆ ತಲೆಯೆತ್ತಿ ಕೇಳಿದರು.

"ನಿಮಗೆ ಹೆಪಟೈಟಿಸ್ ಬಿ ಇರೋದು ಮೊದಲೇ ಗೊತ್ತಿತ್ತಾ?"

ಇಲ್ಲ ಎಂದೆ. ನನ್ನ ಜೊತೆಯಲ್ಲೇ ಅಮ್ಮನ ದನಿ ಬಂತು.

"ಗೊತ್ತಿತ್ತು ಸಾರ್. ಅದುಕ್ಕೆ ಕಲ್ಯಾಣದುರ್ಗದಾಗೆ ಪಸರು ಕುಡಿಸಿದ್ವಿ. ವಾಸಿಯಾಗಿತ್ತು."

ರಕ್ತನಿಧಿಯವರು ಬರೆದ ಕಾಗದ ಮೂರು ವರ್ಷ ತಡವಾಗಿ ನನಗೆ ತಲುಪಿದ್ದು ಹೀಗೆ. ಪೂರ್ತಿ ವಿವರ ತಿಳಿದದ್ದು ಆಮೇಲೆ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಡಿಬೇಟಿಗೆಂದು ಅನಂತಪುರಕ್ಕೆ ಹೋಗಿದ್ದೆ. ಅಮ್ಮ ಅದನ್ನು ಮೆಡಿಕಲ್ ಶಾಪಿನವನಿಗೆ ತೋರಿಸಿದಳು. ಹೆಪಟೈಟಿಸ್ ಅಂದರೆ ಕಾಮೆರ್ಲು ಜಾತಿಯದು, ಅಂದರೆ ಕಾಮಾಲೆಯ ಥರದ್ದು, ಡಾಕ್ಟರಿಗೆ ತೋರಿಸಿ ಎಂದು ಅವನು ಹೇಳಿದ್ದ. ಕಾಮೆರ್ಲು ಎಂದಮೇಲೆ ನಮ್ಮ ಜನಕ್ಕೆ ಡಾಕ್ಟರು ಯಾಕೆ, ಪಸರು ಇದೆಯಲ್ಲ. ಅಮ್ಮ ಎಸ್‌ಟಿಡಿ ಬೂತಿನಿಂದ ಮಾವನಿಗೆ ಫೋನ್ ಮಾಡಿದಳು. ರಕ್ತದಲ್ಲಿ ದೋಷ ಎಂದು ಊರಿಗೆ ತಿಳಿದರೆ ಯಾರು ಮದುವೆಯಾಗುತ್ತಾರೆ, ಸುಮ್ಕಿರು ಎಂದು ಮಾವ ಹೇಳಿದ. ಕುಡಿಯುವವರಿಗೆ ಏನೂ ಹೇಳಬಾರದೆಂಬ ಕಟ್ಟಳೆ ಹೇಗೂ ಇತ್ತು. ಮುಚ್ಚಿಟ್ಟರು ಅನ್ನುವುದಕ್ಕಿಂತ ಮದ್ದಿನ ಕಟ್ಟಳೆ ಪಾಲಿಸಿದರು ಅನ್ನುವುದು ಹೆಚ್ಚು ಸರಿ. ಕಟ್ಟಳೆ ಮುಚ್ಚಿಡುವುದಕ್ಕೆ ಅನುಕೂಲವಾಗಿತ್ತು ಅನ್ನುವುದೂ ಅಷ್ಟೇ ಸರಿ.

ಡಾಕ್ಟರು ಅಮ್ಮನನ್ನು ಬೈಯಲಿಲ್ಲ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಗಡ್ಡೆಗೆ ಮೂಲ ಈ ವೈರಸ್ಸೇ, ಇದು ಹೆಚ್ಚಾಗಿ ಹುಟ್ಟುವಾಗಲೇ ತಾಯಿಯಿಂದ ಮಗುವಿಗೆ ಬರುತ್ತದೆ, ಅಮ್ಮನಿಗೆ ಮೊದಲು ಮಾಡಿಸಿ, ಇದ್ದರೆ ಅವರ ಲಿವರನ್ನೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು, ಬೇಗ ಸಿಕ್ಕಿದರೆ ನಿಮ್ಮ ಹಾಗೆ ತೆಗೆಯಬಹುದು, ತಡವಾದರೆ ಆಗುವುದಿಲ್ಲ ಎಂದರು. ಅಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಮೊದಲು ಇವಳದು ಆಗಲಿ ಎಂದಳು.

ನನ್ನದು ಆಯಿತು. ಆಪರೇಷನ್ನಿನ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚೇನಿಲ್ಲ, ನಾನು ಅಲ್ಲಿರಲಿಲ್ಲ ಅಂದರೂ ಆದೀತು. ಹಿಂದಿನ ದಿನ ಬೆಳಗ್ಗೆ ಒಪ್ಪಿಗೆಯ ಕಾಗದವನ್ನು ಪೂರ್ತಿ ಓದಿದೆ. ಇದನ್ನು ಯಾರೂ ಓದುವುದಿಲ್ಲ ಎಂದು ಜೂನಿಯರ್ ಡಾಕ್ಟರ್ ಅಂದ. ಮೂರು ಪ್ರಶ್ನೆ ಕೇಳಿದೆ. ಎರಡಕ್ಕೆ ಉತ್ತರಿಸಿದ. ನಾನು ಏಳದೇ ಹೋಗುವ ಸಾಧ್ಯತೆ ಎಷ್ಟು ಅನ್ನುವ ಮೂರನೆಯದಕ್ಕೆ, ದೊಡ್ಡ ಡಾಕ್ಟರನ್ನು ಕೇಳಿ ಎಂದ. ಸಹಿ ಮಾಡುವಾಗ ನನ್ನ ಹೆಸರು ಬೇರೆ ಯಾರದೋ ಥರ ಬಂತು. ಭಯ ಅಂದರೆ ನನಗೆ ನೆನಪಿರುವುದು ಆ ಸಹಿ. ಎದ್ದ ಮೇಲೆ ಬಾಯಾರಿಕೆ. ಒಬ್ಬ ನರ್ಸಮ್ಮ ನೀರು ಕೊಡುವಂತಿಲ್ಲ ಎಂದು ಹೇಳಿ, ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಅವಳ ಪಾಳಿ ಮುಗಿಯುವ ತನಕ ಮತ್ತೆ ಮತ್ತೆ ಬಂದು ಒರೆಸಿದಳು. ಹೊಟ್ಟೆಯ ಮೇಲೆ ಹೊಲಿಗೆ ದೊಡ್ಡದಾಗಿಯೇ ಇತ್ತು. ನೇಯುವವರ ಮನೆಯವರಾದ ಅಪ್ಪ ಅದನ್ನು ಬಗ್ಗಿ ನೋಡಿ, ಹೊಲಿಗೆ ನೀಟಾಗಿದೆ ಎಂದರು. ಆ ವಾರದಲ್ಲಿ ಅವರು ಆಡಿದ ಉದ್ದದ ಮಾತು ಅದೇ.

ಆಪರೇಷನ್ನಿಗೆ ಮುಂಚೆ ಇನ್ನೊಂದು ಸಹಿಯನ್ನೂ ಕೇಳಿದ್ದರು. ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಬಳಸಬಹುದೇ ಎಂದು. ಕೇಳಿದವಳು ಅಲ್ಲಿ ಪೆಥಾಲಜಿ ಓದುತ್ತಿದ್ದ ಯುವ ಡಾಕ್ಟರಮ್ಮ. ನಾನು ಒಂದು ಷರತ್ತು ಹಾಕಿದ್ದೆ. ಏನು ನೋಡುತ್ತೀರೋ ನನಗೂ ತೋರಿಸಬೇಕು. ಅವಳು ಮಾತು ಉಳಿಸಿಕೊಂಡಳು. ಮೂರು ತಿಂಗಳ ತಪಾಸಣೆಗೆ ಹೋದಾಗ ತನ್ನ ಕೋಣೆಗೆ ಕರೆದು, ಮೈಕ್ರೋಸ್ಕೋಪಿನ ಮುಂದೆ ಸ್ಟೂಲು ಎಳೆದಳು.

ನನ್ನ ಗಡ್ಡೆಯ ಚೂರಿದ್ದ ಮೊದಲ ಗಾಜಿನಲ್ಲಿ ತಿಳಿನೀಲಿಯ ನಡುವೆ ಕಂದು ಚುಕ್ಕಿಗಳು. ಕಂದು ಬಣ್ಣ ಹಿಡಿದವು ಕೊಲ್ಲುವ ಕಣಗಳು, ಕ್ಯಾನ್ಸರನ್ನು ಗುರುತಿಸಿ ಕೊಲ್ಲುವುದೇ ಅವುಗಳ ಕೆಲಸ ಎಂದಳು. ಗಡ್ಡೆಯ ಅಂಚಿನಲ್ಲಿ ಅವು ಒತ್ತಾಗಿ ನಿಂತಿದ್ದವು. ಒಳಗೂ ಇದ್ದವು, ಕಡಿಮೆ. ಎರಡನೇ ಗಾಜಿನಲ್ಲಿ ಬೇರೆ ಜಾತಿಯ ಕಣಗಳಿಗೆ ಬಣ್ಣ ಹಿಡಿಸಿದ್ದಳು. ಅವು ಒಳಗೇ ಬೇಕಾದಷ್ಟು ಇದ್ದವು. ಇವು ಯಾವುವು ಎಂದು ಕೇಳಿದೆ. ಕೊಲ್ಲುವ ಕಣಗಳನ್ನು ಸುಮ್ಮನಿರಿಸುವ ಕಣಗಳು ಎಂದಳು. ಹೊರಗಿಂದ ಬಂದವಾ? ಅಲ್ಲ, ಅವೂ ನಿಮ್ಮ ಮೈಯವೇ, ಅವೂ ರಕ್ಷಣೆಯವೇ.

ಹಾಗಾದರೆ ನನ್ನ ಮೈಯಲ್ಲಿ ಶಕ್ತಿ ಇರಲಿಲ್ಲ ಅನ್ನುವುದು? ಶಕ್ತಿ ಬೇಕಾದಷ್ಟಿತ್ತು, ಗಡ್ಡೆಯ ಬಾಗಿಲ ತನಕ ಬಂದು ಕೈಕಟ್ಟಿ ಕೂತಿತ್ತು ಎಂದಳು. ಲಿವರ್‌ಗೆ ಸಹಿಸುವ ಅಭ್ಯಾಸ ಜಾಸ್ತಿಯಂತೆ. ತಿಂದದ್ದೆಲ್ಲ ಕರುಳಿನಿಂದ ಮೊದಲು ಬರುವುದು ಅಲ್ಲಿಗೆ. ಬಂದವರೆಲ್ಲರ ಜೊತೆ ಜಗಳಕ್ಕೆ ಬಿದ್ದರೆ ಅದು ಬದುಕುವುದಿಲ್ಲ. ಹುಟ್ಟಿದಾಗಲೇ ಒಳಗೆ ಸೇರಿದ ವೈರಸ್ಸನ್ನೂ ಮೈ ಎಷ್ಟೋ ವರ್ಷ ಮನೆಯವರ ಹಾಗೆ ನಡೆಸಿಕೊಳ್ಳುತ್ತದೆ. ಗಡ್ಡೆ ಆ ಅಭ್ಯಾಸವನ್ನೇ ತನಗೆ ಅನುಕೂಲ ಮಾಡಿಕೊಳ್ಳುತ್ತದೆ.

"ಈ ಸುಮ್ಮನಿರಿಸೋ ಕಣಗಳನ್ನೇ ತೆಗೆದುಬಿಟ್ರೆ?" ಎಂದು ಕೇಳಿದೆ.

"ಆಗ ನಿಮ್ಮ ಮೈ ನಿಮ್ಮ ಮೇಲೇ ಬೀಳುತ್ತೆ. ಅವು ಇರೋದ್ರಿಂದಲೇ ನೀವು ಇಷ್ಟು ದಿನ ಆರೋಗ್ಯವಾಗಿದ್ದದ್ದು. ಬರೀ ಗಡ್ಡೆಯೊಳಗೆ ಅವುಗಳ ಮಾತು ನಡೀದಂಗೆ ಮಾಡೋದು ಹೇಗೆ ಅಂತ ಹುಡುಕ್ತಿದ್ದಾರೆ. ನನಗಂತೂ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ ಡಾಕ್ಟರನ್ನು ನಾನು ಅದೇ ಮೊದಲು ಕಂಡದ್ದು. ಅವಳ ಮೇಲೆ ಅವತ್ತಿನಿಂದ ನನಗೆ ನಂಬಿಕೆ.

ಊರಿಗೆ ಬಂದು ಅಮ್ಮನಿಗೆ ಹೇಳಿದೆ. ಶಕ್ತಿ ಇತ್ತಂತೆ, ನಿನ್ನ ಊಟದ್ದೇನೂ ತಪ್ಪಿಲ್ಲ, ಒಳಗಿನ ಕೆಲವು ಕಣಗಳು ಉಳಿದವನ್ನು ಸುಮ್ಮನಿರಿಸಿದ್ದವಂತೆ ಎಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಅವುನ್ನ ಸುಮ್ಕಿರು ಅಂದಿದ್ದು ಯಾರು?"

"ಯಾರೂ ಹೊರಗಿನವ್ರಲ್ಲ. ನನ್ ಮೈಯವೇ."

ಮೊರದಿಂದ ಒಂದು ಕಲ್ಲು ಎತ್ತಿ ಹಾಕಿದಳು. "ಒಳ್ಳೇದುಕ್ಕೇ ಅಂದಿರ್ತವೆ ಬಿಡು."

ಹೋಲಿಕೆಯನ್ನು ನಾನು ವಾದವೆಂದು ಒಪ್ಪುವವಳಲ್ಲ. ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿಕೊಡುತ್ತೇನೆ. ಕಣ ಕಣವೇ, ಅಮ್ಮ ಅಮ್ಮನೇ. ಆದರೂ ಆ ಮಾತು ಕೇಳಿ ಎದ್ದು ಹೊರಗೆ ಹೋದೆ.

ಅಪ್ಪ ಪರೀಕ್ಷೆ ಮಾಡಿಸಿಕೊಂಡರು. ಇಲ್ಲ ಎಂದು ಬಂತು, ಲಸಿಕೆ ಹಾಕಿಸಿಕೊಂಡರು. ನನಗೊಬ್ಬ ತಮ್ಮನಿದ್ದಾನೆ, ಅವನಿಗೂ ಇಲ್ಲ ಎಂದು ಬಂತು. ಮೊದಲು ನನಗೆ ಸಮಾಧಾನವಾಯಿತು, ಆಮೇಲೆ ಭಯ. ತಮ್ಮನ ರಿಪೋರ್ಟಿನಿಂದ ಏನೂ ಸಾಬೀತಾಗುವುದಿಲ್ಲ, ಒಂದು ಮಗುವಿಗೆ ಬಂದು ಇನ್ನೊಂದಕ್ಕೆ ಬರದೇ ಇರಬಹುದು. ಆದರೆ ಮನೆಯಲ್ಲಿ ಒಬ್ಬೊಬ್ಬರಾಗಿ ಇಲ್ಲ ಅನ್ನಿಸಿಕೊಂಡು ಹೊರಬಂದ ಹಾಗೆ ಬೆರಳು ಒಬ್ಬಳ ಕಡೆಗೇ ತಿರುಗುತ್ತಿತ್ತು. ಅಮ್ಮನಿಗೆ ತರ್ಕಶಾಸ್ತ್ರ ಗೊತ್ತಿಲ್ಲ. ಇದು ಗೊತ್ತಾಗಿತ್ತು. ಇವತ್ತು ಬೇಡ, ಮಂಗಳವಾರ. ಈ ವಾರ ಮೈ ಸರಿಯಿಲ್ಲ. ಹಬ್ಬ ಮುಗಿಯಲಿ. ಹೀಗೆ ಎಂಟು ತಿಂಗಳು ದಾಟಿದವು. ಆ ಎಂಟು ತಿಂಗಳನ್ನು ನಾನು ಅವಳ ಲಿವರ್‌ನ ಲೆಕ್ಕದಲ್ಲೇ ಎಣಿಸುತ್ತಿದ್ದೆ.

ಮಾವ ಹೇಳಿದರೆ ಕೇಳುತ್ತಾಳೆ ಎಂದು ಕಲ್ಯಾಣದುರ್ಗಕ್ಕೆ ಹೋದೆ. ಒಬ್ಬಳೇ. ಅಂಗಡಿಯ ಗಾದಿಯ ಮೇಲೆ ಕೂರಿಸಿ ಕಾಫಿ ತರಿಸಿದ. ಪಸರಿನಿಂದ ಮೂರು ವರ್ಷವಾದರೂ ರೋಗ ತಡೆಯಿತು ಎಂಬುದು ಅವನ ವಾದ. ಅದನ್ನು ನಾನು ಅವತ್ತು ಮುಟ್ಟಲಿಲ್ಲ. ಬಂದ ಕೆಲಸ ಬೇರೆ ಇತ್ತು. ಅಮ್ಮನಿಗೆ ಹೇಳು, ನೀನೂ ಮಾಡಿಸಿಕೋ, ನೀವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದೆ. ತಾನು ಗುಂಡುಕಲ್ಲಿನ ಹಾಗಿದ್ದೇನೆ ಎಂದ. ನಾನೂ ಹಾಗೇ ಇದ್ದೆ ಎಂದೆ. ಅವನು ಗಜದ ಕಡ್ಡಿಯನ್ನು ಕೆಳಗಿಟ್ಟ.

"ಇಲ್ಲ ಅಂತ ಬಂದ್ರೆ ಸರಿ ಕಣಮ್ಮ. ಐತೆ ಅಂತ ಬಂತು ಅನ್ನು. ನಿನ್ ಹೊಟ್ಟೆ ಮ್ಯಾಲಿನ ಹೊಲಿಗೆ ನೋಡ್ದಾಗೆಲ್ಲ ನಿಮ್ಮಮ್ಮ ಏನಂದ್ಕಂತಾಳೆ? ಬದುಕಿರೋವರ್ಗೂ ಅದನ್ನ ನೋಡ್ಕಂಡಿರ್ಬೇಕಲ್ಲ."

"ಟೆಸ್ಟ್ ಮಾಡಿಸ್ದೆ ಇದ್ರೆ ಬದುಕಿರೋವರ್ಗೂ ಅನ್ನೋದು ಎಷ್ಟು ದಿನ ಮಾವ?"

ಅವನು ಗಿರಾಕಿ ಬಂದ ಎಂದು ಎದ್ದ. ಡಿಬೇಟಿನಲ್ಲಾದರೆ ಆ ಸುತ್ತು ನನ್ನದು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅವನ ಮಾತಿನಲ್ಲಿ ಹುರುಳಿತ್ತು ಅನ್ನುವುದು ಪಾವಗಡ ದಾಟುವಾಗ ಚೆನ್ನಾಗಿ ಅರ್ಥವಾಯಿತು.

ಹಾಗಾಗಿ ಪಕ್ಷ ಬದಲಿಸಿದೆ. ಅಮ್ಮನ ಪರವಾಗಿ ವಾದ ಕಟ್ಟಿದೆ. ನಾನು ಹುಟ್ಟಿದಾಗ ಸೂಲಗಿತ್ತಿ ಬಳಸಿದ ಬ್ಲೇಡು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಸೂಜಿ ಹಾಕುತ್ತಿದ್ದ ಡಾಕ್ಟರು, ಒಂದೇ ಗಾಜಿನ ಸಿರಿಂಜನ್ನು ಸ್ಟೀಲಿನ ಡಬ್ಬಿಯಲ್ಲಿ ಕುದಿಸಿದಂತೆ ಮಾಡಿ ಕೇರಿಗೆಲ್ಲ ಚುಚ್ಚುತ್ತಿದ್ದವನು. ಕಿವಿ ಚುಚ್ಚಿದ್ದು. ತಲೆ ಬೋಳಿಸಿದ ಕತ್ತಿ. ಎಲ್ಲಿಂದ ಬೇಕಾದರೂ ಬಂದಿರಬಹುದು, ನಿನಗೆ ಇದ್ದರೂ ನಿನ್ನಿಂದಲೇ ನನಗೆ ಬಂತೆಂದು ಆಗುವುದಿಲ್ಲ, ನಿನ್ನಿಂದಲೇ ಬಂದಿದ್ದರೂ ಅದು ನೀನು ಮಾಡಿದ ತಪ್ಪಲ್ಲ, ನಿನಗೂ ಯಾರಿಂದಲೋ ಬಂದದ್ದು. ಒಂದೊಂದಾಗಿ ಹೇಳಿದೆ. ಚೆನ್ನಾಗಿ ಹೇಳಿದೆ ಎಂದೇ ನನ್ನ ಅಭಿಪ್ರಾಯ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ನಾನು ಕಳ್ಳಿ ಅಂತ ಯಾರಂದ್ರು, ನೀನು ವಕೀಲಿ ಮಾಡಕ್ಕೆ?"

ಆಮೇಲೆ ಆ ವಿಷಯವನ್ನು ಎತ್ತಲಿಲ್ಲ. ಸೋತೆ ಎಂದಲ್ಲ. ಎತ್ತಿದಾಗಲೆಲ್ಲ ಅವಳು ಇನ್ನಷ್ಟು ದೂರ ಹೋಗುತ್ತಿದ್ದಳು, ಅದು ಕಣ್ಣಿಗೆ ಕಾಣುತ್ತಿತ್ತು.

ನನಗೆ ಈಗ ದಿನಕ್ಕೊಂದು ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಲಿವರ್ ಮತ್ತೆ ಬೆಳೆದಿದೆ. ಗಡ್ಡೆ ಮತ್ತೆ ಬರಬಹುದು, ಬರದೇ ಇರಬಹುದು. ಎರಡರ ಪರವಾಗಿಯೂ ನಾನು ಮಾತಾಡಬಲ್ಲೆ. ರಿಪೋರ್ಟ್ ಬರುವ ದಿನ ಮಾತ್ರ ಯಾರ ಜೊತೆಗೂ ಮಾತಾಡುವುದಿಲ್ಲ.

ಕಳೆದ ವಾರ ಪರೀಕ್ಷೆಗೆ ರಕ್ತ ಕೊಡುವ ಸರದಿ ಇತ್ತು. ಹಿಂದೂಪುರದ ಲ್ಯಾಬಿಗೆ ಯಾವಾಗಲೂ ಒಬ್ಬಳೇ ಹೋಗುತ್ತೇನೆ. ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಹಿಂದಿನಿಂದ, ನಾನೂ ಬತ್ತೀನಿ ಇರು ಎಂದಳು. ಯಾಕೆ ಎಂದು ಕೇಳಲಿಲ್ಲ. ದಾರಿಯುದ್ದಕ್ಕೂ ಹೂವು, ಸೊಪ್ಪು, ಪಕ್ಕದ ಮನೆಯವರ ನಾಯಿ, ಇವುಗಳದೇ ಮಾತು.

ಲ್ಯಾಬಿನಲ್ಲಿ ಅವಳು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೂಜಿ ಒಳಹೋಗುವಾಗ ನಾನು ಗೋಡೆ ನೋಡುತ್ತೇನೆ, ಅವಳು ಸೂಜಿಯನ್ನೇ ನೋಡಿದಳು. ರಕ್ತ ತೆಗೆದ ಮೇಲೆ ಲ್ಯಾಬಿನವನು ಹತ್ತಿ ಇಟ್ಟ. ಅದನ್ನು ಒತ್ತಿ ಹಿಡಿದದ್ದು ಅಮ್ಮನ ಹೆಬ್ಬೆರಳು. ಅವಳ ಬಳೆಗಳು ಮೊಣಕೈಯ ಹತ್ತಿರಕ್ಕೆ ಸರಿದಿದ್ದವು. ಹತ್ತಿ ಒತ್ತಲೆಂದು ಸರಿಸಿಕೊಂಡಿದ್ದಳೋ, ಬೇರೆ ಯಾವುದಕ್ಕಾದರೂ ಸರಿಸಿಕೊಂಡಿದ್ದಳೋ, ನಾನು ಊಹೆ ಮಾಡುವುದಿಲ್ಲ. ಅವನು ನನ್ನ ಟ್ಯೂಬಿನ ಮೇಲೆ ಹೆಸರು ಬರೆಯುತ್ತ, ಇನ್ನು ಯಾರಾದರೂ ಇದ್ದಾರಾ ಎಂದು ತೆಲುಗಿನಲ್ಲಿ ಕೇಳಿದ. ರಬ್ಬರ್ ಪಟ್ಟಿ ಇನ್ನೂ ಅವನ ಕೈಯಲ್ಲೇ ಇತ್ತು.

ಅವನು ಕೇಳಿದ್ದು ನನ್ನನ್ನೋ ಅವಳನ್ನೋ ಸ್ಪಷ್ಟವಿರಲಿಲ್ಲ. ಅಮ್ಮ ನನ್ನ ತೋಳನ್ನು ಬಿಟ್ಟಿರಲಿಲ್ಲ. ನಾನು ಯಾವ ವಾದವನ್ನೂ ಸಿದ್ಧಮಾಡಿಕೊಂಡು ಹೋಗಿರಲಿಲ್ಲ. ಕೇಳಿಬಿಟ್ಟೆ.

"ಅಮ್ಮಾ, ನಿನ್ ಕೈನೂ ಕೊಡ್ತೀ ಏನಮ್ಮಾ?"